ಕಾಂಪ್ರಮೈಸ್ ಆಗಿ ಮೇಡಂ

ಇಂಗ್ಲಿಷ್ ಕಲಿಸಿ ಅನ್ನ ತಿನ್ನುವವಳಿಗೆ ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ ಇಷ್ಟು ಸಿಟ್ಟು ಇರಬಾರದು. ನನಗಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನಿನಲ್ಲಿ "ಏನೋ ಒಂದು ಕಾಂಪ್ರಮೈಸ್ ಮಾಡ್ಕೊಳ್ಳಿ" ಅಂದರೂ ಸಾಕು, ನನಗೆ ಸಂಬಂಧವೇ ಇಲ್ಲದ ಆ ಮಾತಿಗೆ ನನ್ನ ಹಲ್ಲು ಬಿಗಿಯುತ್ತದೆ. ಇದಕ್ಕೆ ಕಾರಣ ನಮ್ಮ ಮನೆಯ ಗೋಡೆ.

ನಮ್ಮ ಮನೆ ದೊಡ್ಡಬಳ್ಳಾಪುರದ ಹಳೆಯ ಬೀದಿಯೊಂದರಲ್ಲಿದೆ. ನನ್ನ ಮಾವನವರು ಕಟ್ಟಿಸಿದ್ದು. ಪಕ್ಕದಲ್ಲಿ ನೇಕಾರರ ಮನೆ. ಎರಡು ಮನೆಗಳೂ ಒಂದೇ ಸಲ ಏಳುತ್ತಿದ್ದುದರಿಂದ, ನಡುವೆ ಎರಡು ಗೋಡೆ ಯಾಕೆ ದಂಡಕ್ಕೆ ಎಂದು ಇಬ್ಬರು ಹಿರಿಯರೂ ಮಾತಾಡಿಕೊಂಡು ಒಂದೇ ಗೋಡೆ ಎಬ್ಬಿಸಿದರಂತೆ. ಈ ಕಡೆ ನಮ್ಮ ನಡುಮನೆ, ಆ ಕಡೆ ಅವರ ನಡುಮನೆ. ಮನೆಯೊಳಗೆ ನಾವು ದಖನಿ ಮಾತಾಡುತ್ತೇವೆ, ಅವರು ತೆಲುಗು. ಹೊರಗೆ ಜಗಲಿಗೆ ಬಂದರೆ ಎರಡು ಮನೆಯವರೂ ಕನ್ನಡ. ಇದು ನಾನು ಹೊಸಕೋಟೆಯಿಂದ ಮದುವೆಯಾಗಿ ಬರುವ ಮೊದಲಿಂದಲೂ ನಡೆದುಬಂದದ್ದು.

ಆ ಮನೆಯ ಹೆಂಗಸು ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಅಕ್ಕ ಎಂದೇ ಕರೆಯುತ್ತೇನೆ. ನನಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದ ಮೊದಲ ದಿನ ಸೀರೆ ಉಟ್ಟುಕೊಳ್ಳಲು ಬಾರದೆ ಒದ್ದಾಡುತ್ತಿದ್ದಾಗ ಅವರೇ ಬಂದು ನೆರಿಗೆ ಹಿಡಿದು ಸಿಕ್ಕಿಸಿದರು. "ನೇಯೋರ ಬೀದೀಲಿದ್ಕೊಂಡು ಸೀರೆ ಉಡಕ್ ಬರಲ್ಲ ಅಂದ್ರೆ ನಮ್ಮ ಮರ್ಯಾದೆ ಹೋಗುತ್ತೆ ಟೀಚರಮ್ಮ" ಎಂದು ನಕ್ಕರು. ಅಲ್ಲಿಂದ ಮುಂದೆ ರಂಜಾನಿಗೆ ನಮ್ಮ ಮನೆಯ ಶೀರ್ ಖುರ್ಮಾ ಆ ಕಡೆ ಹೋಗುವುದು, ಡಬ್ಬಿ ವಾಪಸ್ ಬರುವಾಗ ಅದರಲ್ಲಿ ಚಕ್ಕುಲಿಯೋ ಹುರಿಗಡಲೆಯೋ ಇರುವುದು, ಎಲ್ಲ ತಾನಾಗಿ ನಡೆಯುತ್ತಿತ್ತು.

ಅವರ ಗಂಡ ಬೇರೊಬ್ಬರ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಿದ್ದರು. ಶೆಡ್ಡಿನ ಯಜಮಾನರು ಜಾಗ ಮಾರಿಬಿಟ್ಟಾಗ ಅಲ್ಲಿನ ಎರಡು ಹಳೆ ಮಗ್ಗಗಳನ್ನು ಮನೆಗೆ ತಂದರು. ಮಗ್ಗ ಇಳಿಸುವ ದಿನ ನನ್ನ ಗಂಡನೂ ಹೋಗಿ ಒಂದು ತುದಿಗೆ ಕೈ ಹಾಕಿದರು. ನಾನು ಎಲ್ಲರಿಗೂ ಚಹಾ ಮಾಡಿ ಕಳಿಸಿದೆ. ಎರಡೂ ಮಗ್ಗಗಳನ್ನು ಅವರು ತಮ್ಮ ನಡುಮನೆಯಲ್ಲಿ, ಆ ಜಂಟಿ ಗೋಡೆಗೆ ಒತ್ತಿ ನೆಲಕ್ಕೆ ಬಿಗಿದರು.

ಮರುದಿನ ಬೆಳಗ್ಗೆ ಮೋಟಾರು ಹಾಕಿದಾಗ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳೆಲ್ಲ ಒಟ್ಟಿಗೆ ಮಾತಾಡತೊಡಗಿದವು. ಗೋಡೆಗೆ ತಗುಲಿಹಾಕಿದ್ದ ಗಡಿಯಾರ ಓರೆಯಾಯಿತು. ನನ್ನ ಗಂಡ ಸೋಂಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ, ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದರು. ಕಣ್ಣು ಬಿಡದೆಯೇ, "ಬಾರಿಷ್ ಕ್ಯಾ?" ಎಂದು ಕೇಳಿದರು, ಮಳೆಯಾ ಎಂದು. ಮಳೆಯಲ್ಲ ಎಂದೆ.

ನಮ್ಮೂರಲ್ಲಿ ಮಗ್ಗದ ಸದ್ದು ಯಾರಿಗೂ ಹೊಸದಲ್ಲ. ಯಾವ ಬೀದಿಗೆ ಹೋದರೂ ಕಟಕಟ ಎನ್ನುತ್ತಿರುತ್ತದೆ, ನಿಂತರೆ ಕರೆಂಟು ಹೋಗಿದೆ ಎಂದು ಗೊತ್ತಾಗುತ್ತದೆ. ಸದ್ದು ಬೀದಿಯಿಂದ ಬಂದರೆ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಇದು ಗೋಡೆಯಿಂದ ಬರುತ್ತಿತ್ತು. ಉತ್ತರ ಪತ್ರಿಕೆ ತಿದ್ದಲು ಕೂತರೆ ಮೇಜು, ಮೇಜಿನ ಮೇಲಿನ ನನ್ನ ಮೊಣಕೈ, ಕೈಯಲ್ಲಿನ ಕೆಂಪು ಪೆನ್ನು ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ನನ್ನ ಟಿಕ್ ಗುರುತುಗಳೆಲ್ಲ ಗೀಚಿದಂತೆ ಬೀಳುತ್ತಿದ್ದವು.

ಅಕ್ಕನ ಬಳಿ ಹೋಗಿ ಹೇಳಿದೆ.

"ಸ್ವಲ್ಪ ದಿನ ತಡ್ಕೊಳ್ಳಿ ಟೀಚರಮ್ಮ," ಎಂದರು. "ಬೇರೆ ಕಡೆ ಶೆಡ್ ನೋಡ್ತಾವ್ರೆ. ಸಿಕ್ಕಿದ್ ತಕ್ಷಣ ಎತ್ಕೊಂಡ್ ಹೋಗ್ತೀವಿ."

"ಅಲ್ಲೀವರೆಗೂ ಆ ಕಡೆ ಗೋಡೆಗಾದ್ರೂ ಹಾಕ್ಬೋದಲ್ಲ ಅಕ್ಕ?"

"ಹೇಳ್ತೀನಿ ಅವ್ರಿಗೆ," ಎಂದರು.

ಶೆಡ್ಡು ಸಿಗಲಿಲ್ಲ. ಮಗ್ಗ ಗೋಡೆ ಬಿಟ್ಟು ಕದಲಲಿಲ್ಲ. ಮತ್ತೆ ಹೋದೆ, ಮತ್ತೆ ಅದೇ ಮಾತು. ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಶೋಕೇಸಿನ ಹಿಂದೆ, ಸೂರಿನಿಂದ ಕೆಳಕ್ಕೆ, ಕೂದಲೆಳೆಯಂಥ ಒಂದು ಗೆರೆ ಕಾಣಿಸಿತು. ದಸರಾ ರಜೆಯಲ್ಲಿ ಮನೆ ಗುಡಿಸುವಾಗ ನೋಡಿದರೆ ಅದರೊಳಗೆ ಪೆನ್ನಿನ ರೀಫಿಲ್ ತೂರುವಷ್ಟು ಜಾಗವಾಗಿತ್ತು.

ಅಕ್ಕನ ಗಂಡ ಬೀದಿಯಲ್ಲಿ ಸಿಕ್ಕಾಗ ನಿಲ್ಲಿಸಿ ಗೋಡೆಯ ವಿಷಯ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ, "ಆಯ್ತು ಮೇಡಂ, ಆಯ್ತು ಆಯ್ತು" ಎಂದು ನಕ್ಕು ಹೊರಟುಬಿಟ್ಟರು. ಆ ನಗು ನನ್ನನ್ನು ಉರಿಸಿತು. ಮನೆ ಬೀಳುತ್ತಿದೆ ಎಂದರೆ ನಗುತ್ತಾರಲ್ಲ ಈ ಮನುಷ್ಯ ಎಂದು ಸಂಜೆಯೆಲ್ಲ ಗೊಣಗಿದೆ.

ನಮ್ಮ ವಾರ್ಡಿನ ನಗರಸಭೆ ಸದಸ್ಯರ ಮನೆಗೆ ಹೋದದ್ದು ಅದಾದ ಮೇಲೆ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದರು, ನೀರು ಕೊಟ್ಟರು, ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಅಕ್ಕಪಕ್ಕದಲ್ಲಿರೋರು ಮೇಡಂ. ಏನೋ ಒಂದು ಕಾಂಪ್ರಮೈಸ್ ಆಗ್ಬಿಡಿ."

"ಯಾವುದಕ್ಕೆ ಆಗ್ಲಿ ಸಾರ್? ಗೋಡೆ ಬಿರುಕು ಬಿಡ್ತಿದೆ."

"ಅದಕ್ಕೇ ಹೇಳಿದ್ದು ಮೇಡಂ, ಬೇಗ ಕಾಂಪ್ರಮೈಸ್ ಆಗ್ಬಿಡಿ ಅಂತ."

ಪೊಲೀಸ್ ಠಾಣೆಗೂ ಹೋದೆ. ಅಲ್ಲಿದ್ದ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದರು. ನಾನು ಯಾವ ಶಾಲೆ ಎಂದು ಕೇಳಿ, ಅವರ ಅಣ್ಣನ ಮಗಳು ಅಲ್ಲೇ ಓದಿದ್ದು ಎಂದರು. ಆಮೇಲೆ ದನಿ ತಗ್ಗಿಸಿ, "ನೀವು ಓದಿರೋರು ಮೇಡಂ, ಅರ್ಥ ಮಾಡ್ಕೊಳ್ಳಿ. ನಿಮ್ದು ಅವ್ರುದ್ದು ಬೇರೆ ಬೇರೆ ಜನ. ಸಣ್ಣ ವಿಷಯ, ನಾಳೆ ಇನ್ನೊಂದಕ್ಕೆ ತಿರುಗ್ಬಾರ್ದು. ಕಾಂಪ್ರಮೈಸ್ ಮಾಡ್ಕೊಳ್ಳಿ" ಎಂದರು.

ಆ 'ಇನ್ನೊಂದು' ಏನು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಅದನ್ನು ಅಲ್ಲಿಗೆ ತಂದದ್ದು ನಾನಲ್ಲ. ನಾನು ಹೋದದ್ದು ಗೋಡೆಯ ಮಾತಿಗೆ. ಅಷ್ಟು ವರ್ಷ ಆ ಗೋಡೆಯ ಎರಡೂ ಕಡೆ ಬದುಕಿದ ನಮಗೆ ಯಾರಿಗೂ ಹೊಳೆಯದ್ದು ಆ ಕುರ್ಚಿಯ ಮೇಲೆ ಕೂತವರಿಗೆ ಕ್ಷಣದಲ್ಲಿ ಹೊಳೆದಿತ್ತು. ಸಿಟ್ಟಿನಲ್ಲಿ ಮನೆಗೆ ಬಂದರೆ ನಮ್ಮ ಮಸೀದಿಯ ಹಿರಿಯರೊಬ್ಬರು ನನ್ನ ಗಂಡನೊಂದಿಗೆ ಕೂತಿದ್ದರು. ನಾನು ಠಾಣೆಗೆ ಹೋದದ್ದು ನನಗಿಂತ ಮೊದಲೇ ಬೀದಿಗೆ ಬಂದಿತ್ತು. "ಸಮಝೋತಾ ಕರ್‌ಲೇವ್ ಬೇಟಿ, ಬಾತ್ ಬಢಾಕು ನಕ್ಕೋ" ಎಂದರು. ರಾಜಿಯಾಗು, ಮಾತು ಬೆಳೆಸಬೇಡ ಎಂದು.

ಅವರು ಹೋದ ಮೇಲೆ ಗಂಡನ ಮುಖ ನೋಡಿದೆ. "ಛೋಡೋ ನಾ," ಎಂದರು ಅವರು ಕೂಡ, ಬಿಟ್ಟುಬಿಡು ಎಂದು. "ಕೈಕು ಝಗಡಾ? ಸ್ವಲ್ಪ ಕಾಂಪ್ರಮೈಸ್ ಮಾಡ್ಕೊಂಡ್ರೆ ಆಯ್ತು."

"ನೀವು ದಿನಾ ಹತ್ತು ಗಂಟೆ ಸೋಂಪುರದಲ್ಲಿರ್ತೀರಿ," ಎಂದೆ. "ಗೋಡೆ ಜೊತೆ ಇರೋಳು ನಾನು."

ಆ ದಿನಗಳಲ್ಲಿ ನಾನು ಈ ಕ್ರಿಯಾಪದ ನಮ್ಮ ಬಾಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಗಮನಿಸತೊಡಗಿದೆ. ಇಂಗ್ಲಿಷಿನಲ್ಲಿ ಇಬ್ಬರು ಸೇರಿ ಮಾಡುವ ಕೆಲಸ ಅದು. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯುವುದು. ನಾವು ಅದಕ್ಕೆ 'ಆಗು' ಸೇರಿಸಿದೆವು. ಒದ್ದೆ ಆಗು, ಸುಸ್ತು ಆಗು, ಕಾಂಪ್ರಮೈಸ್ ಆಗು. ಮಳೆಯಲ್ಲಿ ಸಿಕ್ಕಿಕೊಂಡವನು ಒದ್ದೆಯಾಗುವ ಹಾಗೆ, ಒಬ್ಬನೇ ಇದ್ದರೂ ಆಗಬಹುದು. 'ಮಾಡಿಸು' ಸೇರಿಸಿದರೆ ಅದು ದೊಡ್ಡವರ ಕೆಲಸ: "ನಾನೇ ನಿಂತು ಕಾಂಪ್ರಮೈಸ್ ಮಾಡಿಸ್ದೆ" ಎಂದು ಎದೆ ಮುಂದೆ ಮಾಡಿ ಹೇಳುವುದಕ್ಕೆ. ಇನ್ನು ಅದರ ಆಜ್ಞಾರ್ಥಕ ರೂಪ, 'ಕಾಂಪ್ರಮೈಸ್ ಆಗಿ', ಯಾವಾಗಲೂ ದೂರು ತಂದವರ ಕಡೆಗೇ ತಿರುಗಿರುತ್ತದೆ. ಮಗ್ಗ ಓಡಿಸುವವರಿಗೆ ಯಾರೂ ಅದನ್ನು ಹೇಳಿದ್ದು ನಾನು ಕೇಳಲಿಲ್ಲ.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಬೇರೆ ಏನೋ ಪಾಠ ಮಾಡುತ್ತಿದ್ದವಳು ತಡೆಯಲಾರದೆ ಈ ಪದವನ್ನು ಬೋರ್ಡಿನ ಮೇಲೆ ಬರೆದು, ಒಂದೊಂದು ವಾಕ್ಯ ಮಾಡಿ ಎಂದೆ. ಹುಡುಗಿಯರು ಉತ್ಸಾಹದಿಂದ ಕೈಯೆತ್ತಿದರು. ಯಾರಿಗೂ ಅರ್ಥ ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಅಮ್ಮ ಕಾಂಪ್ರಮೈಸ್ ಆದಳು, ಅಕ್ಕ ಕಾಂಪ್ರಮೈಸ್ ಆದಳು, ನಾನು ಕಬಡ್ಡಿ ಬಿಟ್ಟು ಕಾಂಪ್ರಮೈಸ್ ಆದೆ. ವ್ಯಾಕರಣ ಬಹುಮಟ್ಟಿಗೆ ಸರಿಯಿತ್ತು. ನಾನು ಬೋರ್ಡು ಒರೆಸಿ ಪಾಠಕ್ಕೆ ವಾಪಸಾದೆ.

ಆ ಸಂಜೆ ಸ್ಟಾಫ್ ರೂಮಿನ ದೊಡ್ಡ ನಿಘಂಟನ್ನು ತೆಗೆದು ಕೂತೆ. ಲ್ಯಾಟಿನ್ನಿನಲ್ಲಿ 'ಕಾಮ್' ಎಂದರೆ ಜೊತೆಗೆ. ಉಳಿದದ್ದು 'ಪ್ರಾಮಿಸ್', ಮಾತು ಕೊಡುವುದು. ಜೊತೆಯಾಗಿ ಮಾತು ಕೊಡುವುದು. ಹಿಂದೆ ರೋಮಿನಲ್ಲಿ ವ್ಯಾಜ್ಯ ಇದ್ದ ಇಬ್ಬರು ಒಬ್ಬ ಮಧ್ಯಸ್ಥನ ಮುಂದೆ ಬಂದು, ಇವನು ಏನು ಹೇಳುತ್ತಾನೋ ಅದಕ್ಕೆ ಇಬ್ಬರೂ ಬದ್ಧ ಎಂದು ಒಬ್ಬರಿಗೊಬ್ಬರು ಮಾತು ಕೊಡುತ್ತಿದ್ದರಂತೆ. ಪದ ಹುಟ್ಟಿದ್ದು ಅಲ್ಲಿ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು, ಬರುವಾಗ ಒಬ್ಬೊಬ್ಬರೂ ಸ್ವಲ್ಪ ಬಿಟ್ಟುಕೊಡುವುದು ಎಂಬ ಅರ್ಥ ಅಂಟಿಕೊಂಡಿತು. ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಒಳಗೇ 'ಪ್ರಾಮಿಸ್' ಕೂತಿರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉಚ್ಚಾರ ಬದಲಾದದ್ದರಿಂದ ಅದು ಅಡಗಿಕೊಂಡಿತ್ತು.

ಕನ್ನಡದಲ್ಲಿ ನಾವು ಹೇಳುವ 'ರಾಜಿ'ಯೂ ಹೀಗೆಯೇ ದೂರದಿಂದ ಬಂದ ಪದ. ಅರಬ್ಬಿಯಲ್ಲಿ ಅದರ ಅರ್ಥ ಸಂತೋಷದಿಂದ ಒಪ್ಪಿದವನು. ನನ್ನ ನಿಕಾಹ್‌ನಲ್ಲಿ ಹಿರಿಯರು ಬಂದು ನನ್ನನ್ನು ಕೇಳಿದ್ದೂ ಅದನ್ನೇ, ನೀನು ರಾಜಿಯೇ ಎಂದು. ಇನ್ನು ಮಸೀದಿಯ ಹಿರಿಯರು ಹೇಳಿದ 'ಸಮಝೋತಾ'ದಲ್ಲಿರುವುದು ತಿಳುವಳಿಕೆ. ಒಂದರಲ್ಲಿ ಮಾತು, ಒಂದರಲ್ಲಿ ಸಂತೋಷ, ಇನ್ನೊಂದರಲ್ಲಿ ತಿಳುವಳಿಕೆ. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ, ಯಾರೂ ನನಗೆ ಕೊಟ್ಟಿರಲಿಲ್ಲ, ಸಂತೋಷ ಅಂತೂ ದೂರದ ಮಾತು.

ಇದನ್ನೆಲ್ಲ ಮನೆಗೆ ಬಂದು ಗಂಡನಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ರೋಮ್‌ನಲ್ಲಿ ಕರೆಂಟ್ ಮಗ್ಗ ಇರ್ಲಿಲ್ಲ" ಎಂದರು.

ಅದೇ ವಾರ ವಾರ್ಡಿನ ಸದಸ್ಯರ ಫೋನು ಬಂತು.

"ಆಯ್ತು ಮೇಡಂ. ಕಾಂಪ್ರಮೈಸ್ ಆಯ್ತು. ನಾನೇ ಹೋಗಿ ಮಾತಾಡ್ದೆ, ಅವ್ರು ಒಪ್ಕೊಂಡ್ರು."

"ಏನಂತ ಒಪ್ಕೊಂಡ್ರು ಸಾರ್?"

"ಸಂಜೆ ಮೇಲೆ ಓಡ್ಸಲ್ಲ. ಮಗ್ಗ ಆ ಕಡೆ ಗೋಡೆಗೆ ಹಾಕ್ತಾರೆ. ಸ್ವಲ್ಪ ಟೈಮ್ ಕೊಡಿ ಅಷ್ಟೇ."

"ನಾನೂ ಬಂದು ಅವ್ರ ಮುಂದೆ ಮಾತಾಡ್ತೀನಿ ಅಂದಿದ್ನಲ್ಲ?"

"ಅದೆಲ್ಲ ಯಾಕೆ ಮೇಡಂ, ಎದುರುಬದುರು ಕೂತ್ರೆ ಮಾತು ಬೆಳೆಯುತ್ತೆ. ಆಯ್ತಲ್ಲ, ಬಿಡಿ."

ನಾನು ನಂಬಿದೆ. ಒಂದೆರಡು ವಾರ ಸುಮ್ಮನಿದ್ದೆ. ಸಂಜೆ ಮೇಲೂ ಮಗ್ಗ ಓಡಿತು. ಯಾವ ಗೋಡೆಗೂ ಯಾವ ಮಗ್ಗವೂ ಸರಿಯಲಿಲ್ಲ. ಒಪ್ಪಿಕೊಂಡು ಮಾತು ತಪ್ಪಿದರಲ್ಲ ಎಂದು ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಬೀದಿಯಲ್ಲಿ ಅಕ್ಕನ ಗಂಡ ಎದುರು ಬಂದರೆ ಮುಖ ತಿರುಗಿಸಿದೆ. ಅಕ್ಕ ತರಕಾರಿ ಗಾಡಿಯ ಬಳಿ ಸಿಕ್ಕಾಗ ನಾನು ಟೊಮೆಟೊ ಆರಿಸುತ್ತಲೇ ಇದ್ದೆ, ಅವರು ಸೊಪ್ಪು ತೆಗೆದುಕೊಂಡು ಹೋದರು. ಆ ಸಲದ ರಂಜಾನಿಗೆ ಗಂಡನ ಬಲವಂತಕ್ಕೆ ಶೀರ್ ಖುರ್ಮಾ ಕಳಿಸಿದೆ. ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ವಾಪಸ್ ಬಂತು. ಇಷ್ಟು ವರ್ಷದಲ್ಲಿ ಅದು ಖಾಲಿ ಬಂದದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಆ ಡಬ್ಬಿ ಹಿಡಿದು ನಿಂತಾಗ ನನಗೆ ಅಳು ಬಂತೋ ಸಿಟ್ಟು ಬಂತೋ ಈಗ ಹೇಳಲಾರೆ. ಲೋಟಗಳು ಮಾತ್ರ ಪಕ್ಕದಲ್ಲಿ ಗಲಗಲ ಎನ್ನುತ್ತಿದ್ದವು.

ಬಿರುಕು ಈಗ ಶೋಕೇಸ್ ದಾಟಿ ಸ್ವಿಚ್ ಬೋರ್ಡಿನವರೆಗೆ ಬಂದಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿವಿಲ್ ಇಂಜಿನಿಯರ್ ಆಗಿ ದೇವನಹಳ್ಳಿ ಕಡೆ ಕಟ್ಟಡಗಳ ಕೆಲಸ ನೋಡಿಕೊಳ್ಳುತ್ತಾಳೆ. ಅವಳಿಗೆ ಫೋನು ಮಾಡಿ ಕೇಳಿದೆ. ಭಾನುವಾರ ಸ್ಕೂಟರಿನಲ್ಲಿ ಬಂದಳು. ಟಾರ್ಚು ಹಿಡಿದು ಬಿರುಕಿನ ಉದ್ದಕ್ಕೂ ನೋಡಿದಳು, ಬೆರಳ ಗಂಟಿನಿಂದ ಅಲ್ಲಲ್ಲಿ ಬಡಿದಳು, ಗಾರೆಯನ್ನು ಉಗುರಿನಲ್ಲಿ ಕೆರೆದಳು.

"ಮಿಸ್," ಎಂದಳು ತಿರುಗಿ, "ಈ ವಾಲ್ ಕಾಂಪ್ರಮೈಸ್ ಆಗಿದೆ."

ನಾನು ನಕ್ಕೆ. ನಿಲ್ಲಿಸಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಾಪ ಆ ಹುಡುಗಿ ತಾನೇನೋ ತಪ್ಪು ಹೇಳಿದೆ ಎಂದು ಗಾಬರಿಯಾಗಿ, "ಅಂದ್ರೆ ಸ್ಟ್ರೆಂತ್ ಹೋಗಿದೆ ಮಿಸ್, ಹಂಗಂತೀವಿ ನಾವು" ಎಂದಳು.

ನನಗೆ ಆ ಅರ್ಥ ಗೊತ್ತಿತ್ತು. ನಿಘಂಟಿನಲ್ಲಿ ಅದು ಕೊನೆಯಲ್ಲಿದೆ. ಮಾತು ಕೊಡುವುದರಿಂದ ಬಿಟ್ಟುಕೊಡುವುದಕ್ಕೆ, ಬಿಟ್ಟುಕೊಡುವುದರಿಂದ ಅಪಾಯಕ್ಕೆ ಒಡ್ಡಿಕೊಳ್ಳುವುದಕ್ಕೆ, ಅಲ್ಲಿಂದ ಒಳಗೊಳಗೇ ಸಡಿಲವಾಗುವುದಕ್ಕೆ ಆ ಪದ ಇಳಿದು ಬಂದಿದೆ. ಊರೆಲ್ಲ ನನಗೆ ಹೇಳಿದ್ದನ್ನು ಕೊನೆಗೆ ಗೋಡೆ ಮಾಡಿತ್ತು.

"ಬೀಳುತ್ತೇನಮ್ಮ?" ಎಂದು ಕೇಳಿದೆ.

"ಇವತ್ತಲ್ಲ. ಹಿಂಗೇ ಬಿಟ್ರೆ ಹೇಳಕ್ಕಾಗಲ್ಲ. ಆ ಕಡೆಯಿಂದ್ಲೂ ನೋಡ್ಬೇಕು ಮಿಸ್."

"ಆ ಕಡೆ ನಾನು ಬರಲ್ಲ," ಎಂದೆ.

ಅವಳು ನನ್ನನ್ನೊಮ್ಮೆ ನೋಡಿ ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟಳು. ಆ ಬಾಗಿಲಲ್ಲಿ ನಿಂತು "ಆಂಟೀ" ಎಂದು ಕೂಗಿದ್ದು ಕೇಳಿಸಿತು. ಒಂದು ನಿಮಿಷಕ್ಕೆ ಮೋಟಾರು ನಿಂತಿತು. ನಡು ಹಗಲಿನಲ್ಲಿ ಹಾಗೆ ನಿಶ್ಶಬ್ದವಾದಾಗ ನನ್ನ ಮನೆ ನನಗೇ ಅಪರಿಚಿತವಾಗಿ ಕಂಡಿತು. ಆಮೇಲೆ ಅಕ್ಕನೇ ನಮ್ಮ ಜಗಲಿಗೆ ಬಂದರು. ಸೆರಗಿನಲ್ಲಿ ನೂಲಿನ ಚೂರುಗಳು ಅಂಟಿದ್ದವು.

"ನಿಮ್ಮ ಕಡೇದು ಮಾತ್ರ ಗೋಡೆ ಅನ್ಕೊಂಡಿದೀರ? ಬಂದು ನಮ್ದು ನೋಡಿ," ಎಂದರು.

ಹೋದೆ. ಮಗ್ಗ ಬಂದ ಮೇಲೆ ನಾನು ಆ ನಡುಮನೆಯೊಳಗೆ ಕಾಲಿಟ್ಟಿರಲಿಲ್ಲ. ಎರಡು ಮಗ್ಗಗಳ ನಡುವೆ ಒಬ್ಬರು ಓರೆಯಾಗಿ ಹಾಯುವಷ್ಟೇ ಜಾಗ. ಅದನ್ನು ದಾಟಿದ ಮೂಲೆಯಲ್ಲಿ ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರನ್ನು ಎತ್ತಿ ಹಿಡಿದರು. ನಮ್ಮ ಕಡೆ ರೀಫಿಲ್ ತೂರುತ್ತಿದ್ದ ಬಿರುಕಿನಲ್ಲಿ ಇಲ್ಲಿ ಬೆರಳು ತೂರುತ್ತಿತ್ತು. ಅದರೊಳಗೆ ಮಗ್ಗದ ವೇಸ್ಟು ನೂಲನ್ನು ಉಂಡೆ ಮಾಡಿ ತುಂಬಿದ್ದರು. ಕೆಂಪು, ಹಸಿರು, ಜರಿ ಎಲ್ಲ ಸೇರಿದ ನೂಲು. ಅದರ ಕೆಳಗೇ ಅವರ ಮೊಮ್ಮಗುವಿನ ತೊಟ್ಟಿಲಿನ ಜಾಗ. ಮಗಳು ಬಾಣಂತನಕ್ಕೆ ಬಂದಿದ್ದಳು, ತೊಟ್ಟಿಲನ್ನು ಈಗ ಅಡುಗೆಮನೆಗೆ ಸರಿಸಿದ್ದರು.

ಇಂಜಿನಿಯರ್ ಹುಡುಗಿ ಅಕ್ಕನ ಗಂಡನಿಗೆ ವಿವರಿಸತೊಡಗಿದಳು. ಅವರು ಅವಳ ಬಾಯಿಯನ್ನೇ ನೋಡುತ್ತ ತಲೆಯಾಡಿಸುತ್ತಿದ್ದರು, "ಆಯ್ತಮ್ಮ, ಆಯ್ತು ಆಯ್ತು" ಎನ್ನುತ್ತಿದ್ದರು. ಅದೇ ನಗು. ಅಕ್ಕ ಅವರ ತೋಳು ಹಿಡಿದು ತಿರುಗಿಸಿ, ಕಿವಿಯ ಬಳಿ ಬಾಯಿಟ್ಟು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದರು. ಆಗ ಅವರ ಮುಖದಿಂದ ನಗು ಹೋಯಿತು.

ಆ ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಹುಡುಗನಾಗಿದ್ದಾಗಿನಿಂದ ಮಗ್ಗದ ಪಕ್ಕದಲ್ಲಿ ನಿಂತು ನಿಂತು ಸ್ವಲ್ಪ ಸ್ವಲ್ಪವಾಗಿ ಹೋಗಿ, ಈಗ ಬಹುಪಾಲು ಹೋಗಿತ್ತು. ಹೊರಗಿನವರಿಗೆ ಗೊತ್ತಾದರೆ ನಾಚಿಕೆ ಎಂದು ಯಾರಿಗೂ ಹೇಳಿರಲಿಲ್ಲ. ಎದುರಿಗೆ ಯಾರು ಏನೇ ಹೇಳಿದರೂ ನಕ್ಕು 'ಆಯ್ತು' ಎನ್ನುವುದು ಅವರು ಕಂಡುಕೊಂಡ ದಾರಿ.

"ಸದ್ದು ಅಷ್ಟು ಬರುತ್ತಾ ನಿಮ್ಮ ಕಡೆ?" ಎಂದು ಅವರು ನನ್ನನ್ನು ಕೇಳಿದರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು.

"ಎಷ್ಟು ಸಲ ಹೇಳಿ ಕಳ್ಸಿದೀನಿ ಅಣ್ಣ," ಎಂದೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ. "ಸಂಜೆ ಮೇಲೆ ಓಡ್ಸಲ್ಲ ಅಂತ ಮಾತು ಕೊಟ್ರಲ್ಲ?"

"ನಾನಾ? ನೀವೇ ಒಪ್ಕೊಂಡ್ರಿ ಅಂದ್ರಲ್ಲ ಮೇಡಂ. ಸದಸ್ಯರು ಬಂದು ಇವಳ ಹತ್ರ, ಮೇಡಂ ಕಾಂಪ್ರಮೈಸ್ ಆಗವ್ರೆ, ನೀವು ಓಡ್ಸ್ಕೊಳ್ಳಿ, ಇನ್ನೇನೂ ತಕರಾರಿಲ್ಲ ಅಂದ್ರಂತೆ. ಆಮೇಲೆ ನೀವು ಮುಖ ತಿರುಗ್ಸ್ಕೊಂಡು ಓಡಾಡ್ತಿದ್ರಿ. ಒಪ್ಕೊಂಡೋರು ಹಿಂಗ್ಯಾಕೆ ಅಂತ ನಮಗೆ ಬೇಜಾರು."

ನಾನೂ ಅಕ್ಕನೂ ಒಬ್ಬರನ್ನೊಬ್ಬರು ನೋಡಿದೆವು. ನನಗೆ ಹೇಳಿದ್ದು ಅವರು ಒಪ್ಪಿದರೆಂದು, ಅವರಿಗೆ ಹೇಳಿದ್ದು ನಾನು ಒಪ್ಪಿದೆನೆಂದು. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ತಿಂಗಳು ಹಾಳಾದವು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

"ಆದ್ರೂ ಪೊಲೀಸ್ ಹತ್ರ ಹೋಗೋ ಮುಂಚೆ ನನ್ನ ಹತ್ರ ಬರ್ಬೋದಿತ್ತು ಟೀಚರಮ್ಮ," ಎಂದರು ಅಕ್ಕ.

"ಬಂದಿದ್ದೆ ಅಕ್ಕ. ಎಷ್ಟೋ ಸಲ."

ಅವರು ಸೆರಗಿನ ನೂಲು ಕಿತ್ತು ಉಂಡೆ ಮಾಡತೊಡಗಿದರು. "ಬಂದಿದ್ರಿ. ನಾನೇ ಇವ್ರಿಗೆ ಹೇಳ್ಲಿಲ್ಲ. ಹೇಳಿದ್ರೆ ಆವತ್ತೇ ನಿಲ್ಲಿಸ್ಬಿಡ್ತಾರೆ, ಇವ್ರ ಸ್ವಭಾವ ಅಂಥದ್ದು. ನಿಲ್ಲಿಸಿದ್ರೆ ಮತ್ತೆ ಯಾರ ಶೆಡ್ಡಿಗೆ ಹೋಗ್ತಾರೆ? ಕಿವಿ ಕೇಳ್ದೋರ್ನ ಯಾರು ಇಟ್ಕೊತಾರೆ?"

ನಾನು ಹೇಳಬೇಕೆಂದು ತಿಂಗಳುಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಆ ಕೋಣೆಗೆ ಹೊಂದುವಂತಿರಲಿಲ್ಲ. ಇಂಜಿನಿಯರ್ ಹುಡುಗಿಯೇ ಕೆಲಸದ ಮಾತಿಗೆ ಎಳೆದಳು. ಎರಡೂ ಮಗ್ಗಗಳನ್ನು ಗೋಡೆಯಿಂದ ದೂರ ಮಾಡಬೇಕು, ಕೆಳಗೆ ದಪ್ಪ ರಬ್ಬರು ಹಾಕಬೇಕು, ಬಿರುಕನ್ನು ಎರಡೂ ಕಡೆಯಿಂದ ಬಿಡಿಸಿ, ಕಂಬಿ ಕೂರಿಸಿ ಮುಚ್ಚಬೇಕು. ಅಕ್ಕನ ಗಂಡ ಈ ಸಲ 'ಆಯ್ತು' ಎನ್ನಲಿಲ್ಲ. ಮೊಳ ಹಾಕಿ ಕೋಣೆಯನ್ನು ಅಳೆದರು. ಒಂದು ಮಗ್ಗ ಎದುರು ಗೋಡೆಗೆ ಹೋಗುತ್ತದೆ. ಎರಡನೆಯದನ್ನೂ ಅಲ್ಲಿಗೆ ಒಯ್ದರೆ ಅಡುಗೆಮನೆಗೆ ಹೋಗಲು ದಾರಿಯೇ ಇರುವುದಿಲ್ಲ. "ಅದು ನಡುವೆ ಇರ್ಲಿ ಮೇಡಂ, ಒಂದ್ಮೊಳ ಈಚೆಗೆ ಎಳೀತೀನಿ. ಅದಕ್ಕಿಂತ ಹೆಚ್ಚಿಗೆ ನನ್ನ ಕೈಲಾಗಲ್ಲ," ಎಂದರು. ಅಷ್ಟು ತಿಂಗಳಲ್ಲಿ ನಾನು ಕೇಳಿದ ಮೊದಲ ಪೂರ್ತಿ ಉತ್ತರ ಅದು. ಒಂದು ಮೊಳಕ್ಕೆ ನಾನು ಹೂಂ ಎಂದೆ. ರಾತ್ರಿ ಊಟದ ಹೊತ್ತಿಗೆ ನಿಲ್ಲಿಸುತ್ತೇವೆ ಎಂದು ಅಕ್ಕ ಹೇಳಿದರು, ಪರೀಕ್ಷೆಯ ತಿಂಗಳಲ್ಲಿ ಇನ್ನೂ ಬೇಗ.

ಮಗ್ಗ ಸರಿಸುವ ದಿನ ನನ್ನ ಗಂಡ ಮತ್ತೆ ಒಂದು ತುದಿ ಹಿಡಿದರು. ಗಾರೆಯವನು ಬಂದು ಬಿರುಕು ಬಿಡಿಸಿದಾಗ ಒಂದು ಹೊತ್ತು ಎರಡು ಮನೆಗಳ ನಡುವೆ ಕೈ ಹಾಯುವಷ್ಟು ಕಿಂಡಿಯಾಗಿತ್ತು. ಆ ಕಡೆ ಮಗು ಅಳುವುದು ನಮ್ಮ ಮನೆಯಲ್ಲೇ ಅತ್ತಂತೆ ಕೇಳಿತು.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಎದುರು ಗೋಡೆಗೆ ಹೋದ ಮಗ್ಗದ ಸದ್ದು ಈಗ ಬೀದಿಯ ಸದ್ದಿನಂತೆ ಬರುತ್ತದೆ. ನಡುವಿನದು ನಮ್ಮ ನೆಲದೊಳಗಿಂದ ಬರುತ್ತದೆ, ರಬ್ಬರು ಹಾಕಿದ ಮೇಲೂ. ಲೋಟಗಳು ಸುಮ್ಮನಾಗಿವೆ, ಆದರೆ ಬರಿಗಾಲಲ್ಲಿ ನಿಂತರೆ ಪಾದಕ್ಕೆ ಗೊತ್ತಾಗುತ್ತದೆ. ಆರ್ಡರು ಜಾಸ್ತಿ ಇದ್ದಾಗ ಊಟದ ಹೊತ್ತು ದಾಟಿಯೂ ಓಡುತ್ತದೆ. ಆಗ ನಾನು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ, ಕೈ ಎತ್ತಿ ಸನ್ನೆ ಮಾಡುತ್ತೇನೆ, ಅವರು ಮೋಟಾರು ಆರಿಸುತ್ತಾರೆ. ಎಲ್ಲ ಸಲವೂ ಸಂತೋಷದಿಂದ ಆರಿಸುವುದಿಲ್ಲ, ನಾನೂ ಸಂತೋಷದಿಂದ ಹೋಗಿರುವುದಿಲ್ಲ. ಅಕ್ಕ ಮಾತಾಡುತ್ತಾರೆ. ಮೊದಲಿನಂತೆ ಬಾಯಿಗೆ ಬಂದದ್ದನ್ನು ಆಡುವುದಿಲ್ಲ, ಯೋಚಿಸಿ ಮಾತಾಡುತ್ತಾರೆ. ನಾನೂ ಹಾಗೆಯೇ. ನಮ್ಮಿಬ್ಬರ ನಡುವೆ ಹೋದದ್ದಕ್ಕೆ ಕಂಬಿ ಕೂರಿಸುವ ಇಂಜಿನಿಯರ್ ಇಲ್ಲ.

ಮೊನ್ನೆ ಮದುವೆಯೊಂದರಲ್ಲಿ ವಾರ್ಡಿನ ಸದಸ್ಯರು ಸಿಕ್ಕಿದರು. ಪಕ್ಕದಲ್ಲಿದ್ದ ಯಾರಿಗೋ ನನ್ನನ್ನು ತೋರಿಸಿ, "ಇವ್ರದ್ದೂ ಪಕ್ಕದ ಮನೆಯೋರ್ದೂ ದೊಡ್ಡ ಗಲಾಟೆ ಆಗೋದಿತ್ತು. ನಾನೇ ನಿಂತು ಕಾಂಪ್ರಮೈಸ್ ಮಾಡಿಸ್ದೆ. ಅಲ್ವಾ ಮೇಡಂ?" ಎಂದರು.

"ಇಲ್ಲ ಸಾರ್," ಎಂದೆ. "ನೀವು ಹೇಳಿದ್ದು ಸುಳ್ಳು. ಅವ್ರಿಗೊಂದು ಹೇಳಿದ್ರಿ, ನನಗೊಂದು ಹೇಳಿದ್ರಿ. ನಾವು ಮಾತಾಡ್ಕೊಂಡಿದ್ದು ಆಮೇಲೆ."

ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ದೊಡ್ಡದಾಗಿ ನಕ್ಕು, ಆ ಪಕ್ಕದವರ ಭುಜ ತಟ್ಟಿ, "ಟೀಚರ್ ಅಲ್ವಾ, ಎಲ್ಲಾದ್ರಲ್ಲೂ ತಪ್ಪು ಹುಡುಕ್ತಾರೆ" ಎಂದರು. ಸುತ್ತಲಿದ್ದವರೂ ನಕ್ಕರು. ಅಷ್ಟರಲ್ಲಿ ಯಾರೋ ಅವರನ್ನು ಫೋಟೋಗೆ ಕರೆದರು, ಹೋದರು. ನಾನು ಊಟದ ಸಾಲಿನಲ್ಲಿ ನಿಂತೆ.